ನಾಲ್ಕನೆಯ ಕಾಲಮ್ಮಿಗೆ ಎರಡು ಗುರುತು

ಮಾನ್ಯ ಸಿಬ್ಬಂದಿ ಕಲ್ಯಾಣಾಧಿಕಾರಿಗಳೇ,

ನೂಲಿನ ಗಿರಣಿಯ ತಪಾಸಣೆ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ನೂಲಿನ ಗಂಟು ಹುಡುಕುತ್ತಾ ಬಂದಿರುವವಳಾದ ನಾನು, ತಮಗೂ ತಮ್ಮ ಮೇಜಿಗೂ ಅದರ ಮೇಲಿರುವ ಮೂರು ಮೊಹರುಗಳಿಗೂ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅರ್ಜಿ ಮೂರನೆಯ ಸಲವೂ ನನ್ನ ಕೈಗೇ ವಾಪಸು ಬಂದಿದೆ. ತಮ್ಮ ಶ್ರಮ ಎಲ್ಲರಿಗೂ ತಿಳಿಯಲೆಂದು ಈ ಪತ್ರದ ಒಂದು ಪ್ರತಿಯನ್ನು ಕ್ಯಾಂಟೀನಿನ ಬಾಗಿಲಿಗೂ ಅಂಟಿಸಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಕೇಳಿದ್ದು ಇಷ್ಟೇ: ಒಂಬತ್ತು ವರ್ಷಗಳಿಂದ ನನ್ನ ಜೊತೆ ಬಾಳುತ್ತಿರುವ, ಗಿರಣಿಯ ಶಾಲೆಯ ಬಸ್ಸು ಓಡಿಸುವ ನನ್ನ ಸಂಗಾತಿಯನ್ನು ನನ್ನ ಕುಟುಂಬದ ಪಟ್ಟಿಗೆ ಸೇರಿಸಿ. ಬರುವ ಗುರುವಾರ ಗಿರಣಿಯ ಆಸ್ಪತ್ರೆಯಲ್ಲಿ ಅವಳಿಗೆ ಹೃದಯದ ಶಸ್ತ್ರಚಿಕಿತ್ಸೆ. ರೋಗಿಯ ಜೊತೆ ಒಂದೇ ಕುಟುಂಬದ ಪಟ್ಟಿಯಲ್ಲಿ ಇಲ್ಲದವರನ್ನು ಅಲ್ಲಿ ಹಾಸಿಗೆಯ ಪಕ್ಕ ಕೂರಲು ಬಿಡುವುದಿಲ್ಲ.

ಇಂಥ ಅರ್ಜಿಗೆ ನಮೂನೆಯೇ ಇಲ್ಲದಿದ್ದರೂ ತಮ್ಮ ಗುಮಾಸ್ತರು ಧೃತಿಗೆಡದೆ, ಕನ್ನಡಕದ ಖರ್ಚು ಕೇಳುವ ನಮೂನೆಯಲ್ಲಿ ‘ದೃಷ್ಟಿದೋಷ’ ಎಂಬುದಕ್ಕೆ ವೈಟ್ನರ್ ಬಳಿದು ‘ಹೆಣ್ಣನ್ನು ಇಷ್ಟಪಡುವುದು’ ಎಂದು ಬರೆದುಕೊಟ್ಟ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಹಾಗಾಗಿ ನಾಲ್ಕನೆಯ ಕಾಲಮ್ಮು, ಇದು ಹುಟ್ಟಿನಿಂದ ಬಂದದ್ದೋ ಆಮೇಲೆ ತಂದುಕೊಂಡದ್ದೋ ಎಂದು ಕೇಳುತ್ತದೆ. ತಂದುಕೊಂಡದ್ದು ಎಂದರೆ ಸ್ವಂತ ಆಯ್ಕೆ ಎಂದು ಅವರೇ ಬಿಡಿಸಿ ಹೇಳಿದರು. ಹುಟ್ಟಿನಿಂದ ಎಂದು ಗುರುತು ಹಾಕಿದೆ, ವೈದ್ಯರ ಪ್ರಮಾಣಪತ್ರ ಕೇಳಿದಿರಿ. ಆಯ್ಕೆ ಎಂದು ಹಾಕಿದೆ, ಆರಿಸಿಕೊಂಡ ತಾರೀಖನ್ನೂ ಆಗ ಎದುರಿಗಿದ್ದ ಇಬ್ಬರು ಸಾಕ್ಷಿಗಳ ಸಹಿಯನ್ನೂ ಕೇಳಿದಿರಿ. ಎರಡಕ್ಕೂ ಹಾಕಿದ ಮೇಲೆ ‘ಗುರುತು ಒಂದೇ ಇರತಕ್ಕದ್ದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದಿರಿ.

ಮನೆಯಲ್ಲೂ ವಿಚಾರಿಸಿದೆ. ಒಂಬತ್ತು ವರ್ಷಗಳಿಂದ ನನ್ನ ಜೊತೆ ಮಾತು ಬಿಟ್ಟಿರುವ ಅಣ್ಣ, ಇದು ಹುಟ್ಟೂ ಅಲ್ಲ ಆಯ್ಕೆಯೂ ಅಲ್ಲ, ಬರೀ ಕೊಬ್ಬು ಎಂದು ಅತ್ತಿಗೆಯ ಕೈಲಿ ಹೇಳಿಕಳಿಸಿದ. ಅದಕ್ಕೆ ತಮ್ಮ ನಮೂನೆಯಲ್ಲಿ ಚೌಕವಿಲ್ಲ. ಬಟ್ಟೆ ಮಡಚುತ್ತಿದ್ದ ಅಮ್ಮ ಮಾತ್ರ ತಲೆ ಎತ್ತದೆ, “ಹೆತ್ತೋಳು ನಾನು, ನಂಗೆ ಗೊತ್ತಿರ್ಲಿಲ್ವಾ? ನೀನೇ ಹೇಳ್ಲಿ ಅಂತ ಕಾಯ್ತಿದ್ದೆ” ಎಂದಳು. ಪಾಪ, ಅವಳು ವೈದ್ಯೆಯಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ತಾವೂ ಹೆಂಗಸರನ್ನೇ ಇಷ್ಟಪಡುವವರೆಂದು ತಮ್ಮ ಶ್ರೀಮತಿಯವರ ಹೆಸರಿರುವ ಪಟ್ಟಿಯಿಂದ ತಿಳಿದು ಸಂತೋಷವಾಯಿತು. ಹಾಗೆ ಇಷ್ಟಪಡಲು ತಾವು ತೀರ್ಮಾನಿಸಿದ ತಾರೀಖು ಮತ್ತು ಸಾಕ್ಷಿಗಳ ಸಹಿ ಇರುವ ತಮ್ಮ ಅರ್ಜಿಯ ಒಂದು ಪ್ರತಿಯನ್ನು ಕಳಿಸಿಕೊಟ್ಟರೆ, ನೋಡಿಕೊಂಡು ನನ್ನದನ್ನೂ ಹಾಗೆಯೇ ತುಂಬುತ್ತೇನೆ.

ಅಲ್ಲಿಯವರೆಗೆ ನನ್ನ ಎರಡು ಗುರುತುಗಳೂ ಹಾಗೇ ಇರಲಿ. ಹೆಣ್ಣಿನತ್ತ ಒಲಿಯುವ ಮನಸ್ಸು ನನ್ನ ಮೂಗಿನಂತೆ ನನ್ನನ್ನು ಕೇಳದೆ ಬಂದದ್ದು. ಆದರೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ, ಬಸ್ಸಿನ ನಲವತ್ತು ಮಕ್ಕಳ ಹೆಸರು ನೆನಪಿಟ್ಟು ನನ್ನ ಹುಟ್ಟಿದ ದಿನವನ್ನು ಮರೆಯುವ ಇವಳನ್ನೇ ಆರಿಸಿಕೊಂಡವಳು ನಾನು, ದಿನಾ ಬೆಳಗ್ಗೆ ಮತ್ತೆ ಆರಿಸಿಕೊಳ್ಳುತ್ತೇನೆ. ನನಗೆ ತುಂಬಾ ಹೆದರಿಕೆಯಾಗಿದೆ, ಮಾನ್ಯರೇ.

ಗಂಟು ಬಿಡಿಸಲು ಸದಾ ಸಿದ್ಧಳಾದ,
ತಮ್ಮ ವಿಶ್ವಾಸಿ,
ತಪಾಸಣೆ ವಿಭಾಗ, ಮೂರನೆಯ ಮೇಜು

ವಿ.ಸೂ.: ನಮೂನೆಯ ಕೊನೆಯಲ್ಲಿ ‘ಎಡಗಣ್ಣು, ಬಲಗಣ್ಣು’ ಎಂಬ ಸಾಲನ್ನು ಅಳಿಸಲು ಗುಮಾಸ್ತರು ಮರೆತಿದ್ದಾರೆ. ಎರಡಕ್ಕೂ ಗುರುತು ಹಾಕಿದ್ದೇನೆ. ಗುರುವಾರ ಮಧ್ಯಾಹ್ನ ಅವಳಿಗೆ ಎಚ್ಚರವಾದಾಗ ಎದುರಿಗೆ ಈ ಎರಡು ಕಣ್ಣುಗಳಿರಬೇಕು. ಅದು ಸಾಧ್ಯವಿಲ್ಲವಾದರೆ ತಾವೇ ಬಂದು ಪಕ್ಕದಲ್ಲಿ ಕುಳಿತು, ನಾನೇಕೆ ಬಂದಿಲ್ಲವೆಂದು ನಾಲ್ಕನೆಯ ಕಾಲಮ್ಮನ್ನು ಅವಳಿಗೆ ಓದಿ ಹೇಳಬೇಕಾಗಿ ಪ್ರಾರ್ಥನೆ.