ಪಕಾರಕ್ಕೆ ಅಡ್ಡ ಹಿಡಿದ ಬಟ್ಟೆ

ಈ ಸಂಗತಿಯನ್ನು ಬರೆದುಬಿಡಬೇಕೆಂದು ನಾನು ಮೊದಲು ನಿಶ್ಚಯ ಮಾಡಿದಾಗ ನನ್ನ ಬಾಯಲ್ಲಿ ಹನ್ನೊಂದು ಹಲ್ಲುಗಳಿದ್ದವು. ಈಗ ನಾಲ್ಕಿವೆ. ನಡುವಿನ ಕಾಲವೆಲ್ಲ ಮುಂದೂಡುವುದರಲ್ಲೇ ಹೋಯಿತು. ಕನ್ನಡಕ ಬದಲಾಯಿಸಿಕೊಂಡು ಬರೆಯೋಣ ಎಂದುಕೊಂಡೆ. ಎರಡು ಸಲ ಬದಲಾಯಿಸಿದೆ. ಬಿಸಿಲು ಇಳಿದ ಮೇಲೆ ಬರೆಯೋಣ ಎಂದುಕೊಂಡೆ. ವರ್ಷವಿಡೀ ಬಿಸಿಲು ಕಾಯುವ, ಆಂಧ್ರದ ಗಡಿಯ ರಾಯದುರ್ಗದಲ್ಲಿ ಕುಳಿತು ಹೀಗೆ ಹೇಳುವವನಿಗೆ ಬರೆಯುವ ಮನಸ್ಸಿಲ್ಲ ಎಂದೇ ಅರ್ಥ. ನಾನು ಒಬ್ಬ ಹೆಣ್ಣುಮಗಳ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ವಿಷಯ ಇಷ್ಟೇ. ಆಕೆಯ ಹೆಸರನ್ನು ಕೊನೆಗೆ ಹೇಳುತ್ತೇನೆ. ಅದನ್ನು ಉಚ್ಚರಿಸುವುದರಲ್ಲಿ ನನ್ನ ಕಸುಬಿಗೆ ಸಂಬಂಧಿಸಿದ ಒಂದು ತೊಂದರೆಯೂ ಇದೆ. ಅದು ಮುಂದೆ ತಿಳಿಯುತ್ತದೆ.

ನಿಮ್ಮ ದನಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಾನು ನಂಬಿದೆ. ನಮ್ಮೂರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಬಂಡಲ್ಲುಗಳ ನಂಬರು ಕೂಗುವುದು ನನ್ನ ಕೆಲಸವಾಗಿತ್ತು. ಮೂವತ್ತು ಮಷೀನುಗಳ ಗದ್ದಲದ ಮೇಲೆ ನನ್ನ ದನಿ ಕೊನೆಯ ಸಾಲಿನ ಹೆಣ್ಣುಮಗಳಿಗೆ ಮುಟ್ಟಬೇಕು. "ನಲವತ್ತೆರಡು, ಸೊಂಟಪಟ್ಟಿ, ಕರಿ ದಾರ." ಇಪ್ಪತ್ತು ವರ್ಷ ಹೀಗೆ ಕೂಗಿದ ಮೇಲೆ ಕಣ್ಣು ಮಂಜಾಗಿ, ನಲವತ್ತೆರಡು ನಲವತ್ತೇಳಾಗಿ ಕಾಣತೊಡಗಿದಾಗ ಮಾಲೀಕರು ನನ್ನನ್ನು ಗೌರವದಿಂದ ಮನೆಗೆ ಕಳಿಸಿದರು. ಕಳಿಸುವಾಗ, "ನಿಮ್ಮ ದನಿ ರೇಡಿಯೋದವ್ರ ದನಿ ಇದ್ದಂಗ ಐತ್ರಿ, ಇಲ್ಲಿ ಸುಮ್ನ ಹಾಳಾತು" ಎಂದರು. ಅದು ಶಾಲಿನ ಬದಲು ಹೊದಿಸಿದ ಮಾತು ಎಂದು ನನಗೆ ಆಗ ಹೊಳೆಯಲಿಲ್ಲ. ಅದನ್ನೇ ಹೊದ್ದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದರೆ, ಮನೆಯಲ್ಲೇ ಕುಳಿತು ದನಿ ಕೊಟ್ಟು ಬದುಕುವುದು ಹೇಗೆ ಎಂದು ಕಲಿಸುವವರು ಸಾಲುಗಟ್ಟಿ ನಿಂತಿದ್ದರು. ಬೇಕಾದದ್ದು ಮೂರೇ ವಸ್ತು: ಒಂದು ಮೈಕು, ಒಂದು ಫೋನು, ಪ್ರತಿಧ್ವನಿ ಇಲ್ಲದ ಜಾಗ. ಮೈಕನ್ನು ಮೊಬೈಲ್ ಅಂಗಡಿಯಿಂದ ತಂದೆ. ಅಂಗಿಗೆ ಸಿಕ್ಕಿಸುವ, ಕಡಲೆಕಾಯಿಯಷ್ಟು ದೊಡ್ಡ ಮೈಕು. ಜಾಗಕ್ಕಾಗಿ ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಹಗ್ಗ ಕಟ್ಟಿ, ಜೀನ್ಸ್ ಚಿಂದಿಯಿಂದ ಹೊಲಿದ ನಮ್ಮ ನಾಲ್ಕೂ ಕೌದಿಗಳನ್ನು ಇಳಿಬಿಟ್ಟೆ. ಒಳಗೆ ಒಂದು ಸ್ಟೂಲು. ಅದರ ಮೇಲೆ ಬನಿಯನ್ನಿನಲ್ಲಿ ಬೆವರುತ್ತಾ ನಾನು. ಪಕ್ಕದ ಮನೆಯವರು ಬಂದು ನೋಡಿ, "ಏನ್ರಿ, ನೆಗಡ್ಯಾಗೈತೇನು, ಹಬೆ ತಗೊಳ್ಳಾಕ ಹತ್ಯಾರ?" ಎಂದು ನನ್ನ ಹೆಂಡತಿ ಸರೋಜಳನ್ನು ಕೇಳಿದರು. ಸರೋಜ, "ಹೂನ್ರಿ, ತಲೀಗೆ ಏರೈತಿ" ಎಂದಳು.

ಈ ಉದ್ಯೋಗಕ್ಕೆ ನಾನು ಆರಿಸಿಕೊಂಡ ಊರು ಎಂಥದ್ದು ಎನ್ನುವುದನ್ನೂ ಹೇಳಬೇಕು. ಸಮುದ್ರದ ದಂಡೆಯ ಊರುಗಳಲ್ಲಿ ಅಲೆಯ ಸದ್ದು ಇರುತ್ತದಂತೆ. ನಮ್ಮಲ್ಲಿ ಮಷೀನಿನ ಸದ್ದು. ಪ್ರತಿ ಮನೆಯ ಮುಂದಿನ ಕೋಣೆಯಲ್ಲೂ ಯಾರೋ ಜೇಬು ಹೊಲಿಯುತ್ತಿರುತ್ತಾರೆ, ಗುಂಡಿಗೆ ಕಾಜಾ ಹಾಕುತ್ತಿರುತ್ತಾರೆ. ನಿಶ್ಶಬ್ದ ಸಿಗುವುದು ಕರೆಂಟು ಹೋದಾಗ ಮಾತ್ರ. ಆಗ ಇಡೀ ಬೀದಿ ಒಂದೇ ಉಸಿರಿಗೆ ಸುಮ್ಮನಾಗುತ್ತದೆ, ಮರುಕ್ಷಣ ಶಾಪ ಹಾಕುತ್ತದೆ. ಆ ಎರಡರ ನಡುವಿನ ಕ್ಷಣದಲ್ಲಿ ನಾನು ಕೌದಿಯೊಳಗೆ ನುಗ್ಗುತ್ತಿದ್ದೆ. ಪೀಸಿನ ಲೆಕ್ಕದಲ್ಲಿ ಹೊಲಿಯುವವರ ಊರಿನಲ್ಲಿ ಕರೆಂಟು ಹೋಗಲಿ ಎಂದು ಬೇಡಿಕೊಂಡ ಏಕೈಕ ಪ್ರಾಣಿ ನಾನು. ಇದೂ ಒಂದು ಪಾಪವೇ, ಆದರೆ ಈಗ ಹೇಳಬೇಕಾದದ್ದಕ್ಕೆ ಹೋಲಿಸಿದರೆ ಚಿಕ್ಕದು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದವಳೇ ಆಕೆ. ಗಂಡ ತೀರಿಕೊಂಡಿದ್ದ. ಒಂಬತ್ತನೇ ಕ್ಲಾಸಿನ ಒಬ್ಬ ಮಗಳು, ಒಂದು ಮೋಟಾರು ಮಷೀನು. ಬೆಳಗಿನಿಂದ ಜೇಬು ಹೊಲಿಯುತ್ತಿದ್ದಳು. ಬಳ್ಳಾರಿಯಿಂದ, ಬೆಂಗಳೂರಿನಿಂದ ಗಾರ್ಮೆಂಟ್ಸಿಗೆ ಬಾ ಎಂದು ಎಷ್ಟೋ ಜನ ಕರೆದಿದ್ದರು. ಎಲ್ಲರಿಗೂ ಆಕೆಯದು ಒಂದೇ ಉತ್ತರ: "ದೀಪ ಹಚ್ಚೋ ಹೊತ್ತಿಗೆ ನನ್ನ ಮಗಳ ಮುಂದ ನಾನಿರಬೇಕ್ರಿ. ಅದೊಂದು ಬಿಟ್ಟು ಏನಾರ ಕೇಳ್ರಿ." ಬೇರೆ ಆಸೆಯೊಂದನ್ನೂ ಆಕೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಮೊದಲ ಕೆಲಸ ಒಂದು ಪ್ಯಾಂಟಿನ ಅಂಗಡಿಯದು. ಆಟೋಗೆ ಮೈಕು ಕಟ್ಟಿ ಊರೆಲ್ಲ ಸುತ್ತಿಸಲು ಒಂದು ನಿಮಿಷದ ಪ್ರಚಾರ. "ಪುರುಷರ ಪ್ಯಾಂಟು, ಪುಟಾಣಿಗಳ ಪ್ಯಾಂಟು" ಎಂದು ಭಾರಿ ಹುಮ್ಮಸ್ಸಿನಿಂದ ಹೇಳಿ ಕಳಿಸಿದೆ. ಅಂಗಡಿಯವರು ಫೋನು ಮಾಡಿ, "ಏನ್ರಿ ಇದು, ನಂದು ಬಟ್ಟಿ ಅಂಗಡಿ, ಪಟಾಕಿ ಅಂಗಡಿ ಅಲ್ಲ" ಎಂದರು. ಕೇಳಿ ನೋಡಿದರೆ ಪ್ರತಿಯೊಂದು ಪಕಾರಕ್ಕೂ ಮೈಕಿನಲ್ಲಿ ಢಬ್ ಎಂದು ಸಿಡಿಯುತ್ತಿತ್ತು. ಪಕಾರ ಹೇಳುವಾಗ ಬಾಯಿಂದ ಗಾಳಿ ನುಗ್ಗುತ್ತದೆಯಂತೆ, ಮೈಕಿನ ಮುಂದೆ ತೆಳ್ಳನೆಯ ಬಟ್ಟೆ ಬೇಕಂತೆ. ಪ್ಯಾಂಟನ್ನೇ ನಂಬಿದ ಊರಿನಲ್ಲಿ ಪಕಾರ ಹೇಳಲು ಬಾರದವನು ದನಿಯ ಕಸುಬಿಗೆ ಇಳಿದಿದ್ದ. ನಾನು ಕಟ್ಟೆಯ ಮೇಲೆ ಕೂತು ಕೊರಗುವುದನ್ನು ಮುಂದಿನ ಕೋಣೆಯಾಕೆ ಕೇಳಿಸಿಕೊಂಡಳು. ಸರೋಜಳ ಹಳೆಯ ಹಿಟ್ಟಿನ ಸಾಣಿಗೆಯ ತಳ ಕಿತ್ತು, ಅದರ ಬಳೆಗೆ ಜೇಬಿನ ಒಳಬಟ್ಟೆಯನ್ನು ಬಿಗಿಯಾಗಿ ಎಳೆದು ಹೊಲಿದು ತಂದುಕೊಟ್ಟಳು. "ಇದರ ಹಿಂದ ನಿಂತು ಮಾತಾಡ್ರಿ ಅಣ್ಣಾರ. ಜೇಬಿನ ಬಟ್ಟಿ ಎಂಥಾದ್ದನ್ನೂ ತಡಿತೈತಿ." ಹೇಳಿ ನೋಡಿದೆ. ಪ್ಯಾಂಟು ಮೆತ್ತಗೆ ಬಂದಿತು. ಸಂಭಾವನೆ ಬೇಡವೆಂದು ನಕ್ಕು ಹೋದಳು.

ಆಮೇಲೆ ಕೆಲಸ ಬರತೊಡಗಿತು. ತೆಲುಗಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಒಮ್ಮೆ ಕಣ್ಣಿನ ತಪಾಸಣೆಯ ಶಿಬಿರಕ್ಕೆ ತೆಲುಗಿನ ಚೀಟಿ ನೋಡಿ ಕನ್ನಡ ಮಾಡುವಾಗ 'ಎಲ್ಲುಂಡಿ' ಎನ್ನುವ ಮಾತು ಹಾಗೇ ಉಳಿದುಬಿಟ್ಟಿತು. ತೆಲುಗಿನಲ್ಲಿ ಅದಕ್ಕೆ ನಾಡಿದ್ದು ಎಂದು ಅರ್ಥ. ಬೊಮ್ಮನಹಾಳ್ ಕಡೆಯ ಹಳ್ಳಿಗಳಲ್ಲಿ ಜನ ಆಟೋ ನಿಲ್ಲಿಸಿ, "ಎಲ್ಲುಂಡಿ, ಎಲ್ಲುಂಡಿ ಅಂತ ಕೇಳ್ತೀಯಲ್ಲ, ನಾವು ಎಲ್ಲಿ ಉಂಡ್ರ ನಿನಗೇನು" ಎಂದು ಡ್ರೈವರನನ್ನು ಗದರಿದರಂತೆ. ನಮ್ಮ ಬೀದಿಯಲ್ಲಿ ಇದು ಒಂದು ವಾರದ ನಗೆಯಾಯಿತು. ಒಂದು ಊರಿನ ಮಾತನ್ನು ಇನ್ನೊಂದು ಊರಿಗೆ ಹಾಗೇ ಒಯ್ಯಬಾರದು ಎಂಬ ಪಾಠವನ್ನು ದೇವರು ನನಗೆ ಇಷ್ಟು ಅಗ್ಗವಾಗಿ ಕಲಿಸಿದ್ದ. ನಾನು ಕಲಿಯಲಿಲ್ಲ.

ಆಗ ಮಡಕಶಿರದಿಂದ ಒಬ್ಬ ಏಜೆಂಟರ ಫೋನು ಬಂತು. ಆ ಕಡೆ ಹೊಸ ಗಾರ್ಮೆಂಟ್ಸ್ ಒಂದಕ್ಕೆ ಹೊಲಿಗೆಯವರು ಬೇಕಾಗಿದ್ದರು. ಪ್ರಚಾರ ಎರಡು ಬೇಕು, ಒಂದು ಮಡಕಶಿರದ ಸುತ್ತಲ ಹಳ್ಳಿಗಳಿಗೆ, ಇನ್ನೊಂದು ರಾಯದುರ್ಗಕ್ಕೆ. "ನೋಡಿ ಯಜಮಾನ್ರೇ, ನಮ್ ಕಡೆ ಬರ್ರಿ ಬರ್ರಿ ಅಂತ ಕೂಗಿದ್ರೆ ಹೆಣ್ಮಕ್ಳು ನಗಾಡ್ತಾರೆ. ಬನ್ನಿ ಅನ್ಬೇಕು. ನಿಮ್ ಊರ್ನಾಗೆ ಬರ್ರಿ ಅನ್ಕಳಿ" ಎಂದರು. ಎರಡು ಚೀಟಿಗಳನ್ನು ಫೋನಿಗೆ ಕಳಿಸಿದರು. ಮಡಕಶಿರದ ಚೀಟಿಯಲ್ಲಿ, ಬೆಳಿಗ್ಗೆ ಬಸ್ಸು ನಿಮ್ಮೂರಿಗೇ ಬರುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ನೀವು ನಿಮ್ಮ ಮನೆಯಲ್ಲಿರುತ್ತೀರಿ ಎಂದಿತ್ತು. ರಾಯದುರ್ಗದ ಚೀಟಿಯಲ್ಲಿ, ಹಾಸ್ಟೆಲ್ ಇದೆ, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರಬಹುದು ಎಂದಿತ್ತು. ದೂರ ಬಹಳ, ಕಲ್ಯಾಣದುರ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹೋಗುವ ಊರಿಗೆ ದಿನಾ ಹೋಗಿ ಬರಲು ಆಗುವುದಿಲ್ಲ. ಏಜೆಂಟರು ಸರಿಯಾಗಿಯೇ ಬರೆದಿದ್ದರು.

ಸಂಜೆಯೊಳಗೆ ಎರಡನ್ನೂ ಕಳಿಸಬೇಕಿತ್ತು. ಅಂದು ಕರೆಂಟು, ಎಂದೂ ಇಲ್ಲದ್ದು, ಒಂದು ಸಲವೂ ಹೋಗಲಿಲ್ಲ. ಬೀದಿಯ ಸದ್ದನ್ನು ಕೌದಿಗಳು ತಡೆದರೂ ಮುಂದಿನ ಕೋಣೆಯ ಸದ್ದು ನೆಲದೊಳಗಿಂದಲೇ ಬರುತ್ತಿತ್ತು. ಹೋಗಿ ಬಾಗಿಲಲ್ಲಿ ನಿಂತೆ.

"ಸ್ವಲ್ಪ ಮಷೀನು ನಿಲ್ಲಸ್ತೀಯೇನಮ್ಮ?"

"ಎಷ್ಟೊತ್ರಿ ಅಣ್ಣಾರ? ಸಂಜೀಕ ಬಂಡಲ್ ಕೊಡಬೇಕು."

"ಹತ್ತು ನಿಮಿಷ, ಅಷ್ಟ."

ಹತ್ತು ನಿಮಿಷ ಒಂದೂವರೆ ತಾಸಾಯಿತು. ಆಕೆ ನಿಂತ ಮಷೀನಿನ ಮುಂದೆ ಕೈಕಟ್ಟಿ ಕೂತಿದ್ದಳು. ನಾನು ಕೌದಿಯೊಳಗೆ, ಸಂಜೆ ಎನ್ನುವ ಮಾತಿಗೆ ಎಷ್ಟು ಮಮತೆ ಹಾಕಬೇಕೆಂದು ಯೋಚಿಸುತ್ತಿದ್ದೆ. ಕೊನೆಗೆ ಮಡಕಶಿರದ್ದು ಬಂತು. ಅಂಥ ವಾಕ್ಯವನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ. 'ದೀಪ ಹಚ್ಚುವ ಹೊತ್ತಿಗೆ ನೀವು ನಿಮ್ಮ ಮನೆಯಲ್ಲಿರುತ್ತೀರಿ' ಎನ್ನುವುದನ್ನು ಮೂರು ಸಲ ಹಾಕಿ ಕೇಳಿಕೊಂಡೆ. ರಾಯದುರ್ಗದ್ದನ್ನು ಶುರುಮಾಡುವಷ್ಟರಲ್ಲಿ ಬಂಡಲ್ ಒಯ್ಯುವ ಆಟೋ ಹಾರನ್ ಹೊಡೆಯಿತು, ಆಕೆ ಗಾಬರಿಯಾಗಿ ಮಷೀನು ಹಾಕಿದಳು. ನನಗೆ ಕೋಪ ಬಂತು. ಚೊಕ್ಕಟವಾಗಿ ಬಂದ ಮಡಕಶಿರದ್ದನ್ನೇ ತೆಗೆದುಕೊಂಡು, ಕೊನೆಯ 'ಬನ್ನಿ'ಯನ್ನು ಕತ್ತರಿಸಿ 'ಬರ್ರಿ' ಅಂಟಿಸಿ, ರಾಯದುರ್ಗಕ್ಕೆ ಎಂದು ಕಳಿಸಿಬಿಟ್ಟೆ. ಎರಡು ಚೀಟಿಗಳ ವ್ಯತ್ಯಾಸ ಮರೆತುಹೋಯಿತು ಎಂದು ಎಷ್ಟೋ ದಿನದ ಮೇಲೆ ಸರೋಜಳಿಗೆ ಹೇಳಿದ್ದೇನೆ. ಮರೆತಿರಲಿಲ್ಲ. ಆಟೋ ಮೈಕನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ ಎಂದುಕೊಂಡೆ. ಇಷ್ಟು ಚೆನ್ನಾಗಿ ಬಂದ ವಾಕ್ಯ ನಮ್ಮೂರಿಗೆ ಕೇಳಿಸದೆ ಹೋಗಬಾರದು ಎಂದೂ ಅಂದುಕೊಂಡೆ.

ಏಜೆಂಟರು ಅದನ್ನು ಕೇಳಿ ನೋಡಲೇ ಇಲ್ಲ. ನನ್ನ ಮೇಲೆ ನಂಬಿಕೆ. ಎರಡು ದಿನದ ನಂತರ ಆಟೋ ನಮ್ಮ ಬೀದಿಗೆ ಬಂತು. ಮುಂದಿನ ಕೋಣೆಯ ಮಷೀನು ನಿಂತಿತು. ಕರೆಂಟು ಇರುವಾಗ, ನಾನು ಕೇಳದೆ ಅದು ನಿಂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಆಕೆ ಒಳಗೆ ಬಂದಳು.

"ಅಣ್ಣಾರ, ಸಂಜೀಕ ಮನೀಗೆ ಬಿಡ್ತಾರಂತ. ಖರೇನ ಏನ್ರಿ?"

"ಮೈಕ್‌ನಾಗ ಹೇಳ್ಯಾರಲ್ಲಮ್ಮ" ಎಂದೆ.

ಆಕೆ ನಕ್ಕಳು. "ಹೇಳ್ಯಾರ ಅಂತೀರಲ್ರಿ, ನೀವ ಹೇಳೀರಿ. ನಿಮ್ಮ ದನಿ ನನಗ ಗೊತ್ತಾಗಾಂಗಿಲ್ಲೇನ್ರಿ? ನೀವು ಹೇಳಿದ ಮ್ಯಾಲೆ ನಂಗಿನ್ನೇನು ಬೇಕು."

ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಬಂದದ್ದು ಬೇರೆಯೇ. ಈಕೆ ಹೋದರೆ ಬೆಳಗಿನಿಂದ ಸಂಜೆಯವರೆಗೆ ಮನೆ ಎಷ್ಟು ತಣ್ಣಗಿರುತ್ತದೆ ಎಂದು ಬಂತು. "ಹೋಗಿ ನೋಡಮ್ಮ" ಎಂದೆ. ಒಳ್ಳೆಯ ದನಿಯಲ್ಲಿಯೇ ಹೇಳಿದೆ.

ದಿನಾ ಹೋಗಿ ಬರುವ ಮೇಲೆ ಎರಡು ಕಡೆ ಹೊಲಿಯುವುದೇಕೆ ಎಂದು ಆಕೆ ಮಷೀನನ್ನು ಮಾರಿದಳು. ಮಡಕಶಿರ ಎಷ್ಟು ದೂರ ಎಂದು ಆಕೆಗೆ ತಿಳಿದಿರಲಿಲ್ಲ; ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಗಾರ್ಮೆಂಟ್ಸಿನ ಬಸ್ಸು ಹತ್ತಿದಳು. ಉಡಲು ಇನ್ನೊಂದು ಸೀರೆಯನ್ನೂ ಒಯ್ದಿರಲಿಲ್ಲ. ಅಂದು ದೀಪ ಹಚ್ಚುವ ಹೊತ್ತಿಗೆ ಮಗಳು ಬೀದಿಯ ತಿರುವಿಗೆ ಹೋಗಿ ನಿಂತಳು. ಕತ್ತಲಾದ ಮೇಲೆ ಸರೋಜ ಹೋಗಿ ಕೈಹಿಡಿದು ಕರೆತಂದಳು. ಆಮೇಲೆ ಸರೋಜಳಿಗೆ ಫೋನು ಬಂತು. ಹಾಸ್ಟೆಲ್ಲಿನಿಂದ. ಅತ್ತಳಂತೆ, ಆದರೆ ನನ್ನನ್ನು ಬೈಯಲಿಲ್ಲವಂತೆ. "ಅಣ್ಣಾರಿಗೆ ಯಾರೋ ತಪ್ಪು ಬರದು ಕೊಟ್ಟಿರಬೇಕ್ರಿ ಅಕ್ಕಾರ, ಪಾಪ" ಎಂದಳಂತೆ. ಕಳ್ಳನಿಗೆ ಕದ್ದ ಮಾಲನ್ನು ಕಟ್ಟಿಕೊಳ್ಳಲು ಮಾಲು ಕಳೆದುಕೊಂಡವಳೇ ಚೀಲ ಕೊಟ್ಟಹಾಗೆ. ನಾನು ಆ ಚೀಲವನ್ನು ಇಸಿದುಕೊಂಡೆ. "ಹೌದು, ಚೀಟ್ಯಾಗ ಹಂಗ ಇತ್ತು" ಎಂದುಬಿಟ್ಟೆ.

ಹಿಂದಿರುಗಿ ಬಂದರೆ ಹೊಲಿಯಲು ಮಷೀನು ಇರಲಿಲ್ಲ, ಆದ್ದರಿಂದ ಆಕೆ ಅಲ್ಲೇ ನಿಂತಳು. ಮಗಳು ತಿಂಗಳೆರಡು ನಮ್ಮಲ್ಲಿ ಉಂಡು, ಆಮೇಲೆ ಸರಕಾರದ ಹೆಣ್ಣುಮಕ್ಕಳ ಹಾಸ್ಟೆಲ್ ಸೇರಿದಳು. ತಾಯಿ ಒಂದು ಹಾಸ್ಟೆಲ್ಲಿನಲ್ಲಿ, ಮಗಳು ಒಂದು ಹಾಸ್ಟೆಲ್ಲಿನಲ್ಲಿ. ಮುಂದಿನ ಕೋಣೆ ಖಾಲಿಯಾಯಿತು. ನಾನು ನಾಚಿಕೆಯಿಲ್ಲದೆ ಕೌದಿಗಳನ್ನು ಅಲ್ಲಿಗೆ ಸಾಗಿಸಿದೆ. ಕಸುಬಿಗೆ ಅದಕ್ಕಿಂತ ಒಳ್ಳೆಯ ಜಾಗ ಆಂಧ್ರದಲ್ಲಿ ಇರಲಿಕ್ಕಿಲ್ಲ. ನೆಲದಲ್ಲಿ ಮಷೀನಿನ ಕಾಲುಗಳು ಊರಿದ್ದ ನಾಲ್ಕು ಗುಳಿಗಳಿವೆ. ನನ್ನ ಸ್ಟೂಲು ಸರಿಯಾಗಿ ಅವುಗಳಲ್ಲಿ ಕೂರುತ್ತದೆ. ಆದರೆ ಕೂತರೆ ದನಿ ಏಳುವುದಿಲ್ಲ. ಹಲ್ಲುಗಳೂ ಒಂದೊಂದಾಗಿ ಎದ್ದು ಹೋದವು; ಈಗ ಶಕಾರ, ಸಕಾರ ಎರಡೂ ನನಗೆ ಒಂದೇ. ಏಜೆಂಟರಿಗೆ ಫೋನು ಮಾಡಿದರೆ, "ಈಗ ಕಂಪ್ಯೂಟ್ರೇ ಮಾತಾಡ್ತೈತೆ ಯಜಮಾನ್ರೇ, ಬರ್ರಿ ಅಂದ್ರೆ ಬರ್ರಿ ಅಂತೈತೆ, ಬನ್ನಿ ಅಂದ್ರೆ ಬನ್ನಿ ಅಂತೈತೆ" ಎಂದರು. ನಾನೂ ಮಾಡಿದ್ದು ಅಷ್ಟೇ ಅಲ್ಲವೇ ಎಂದು ಫೋನಿಟ್ಟೆ.

ಹೋದ ದೀಪಾವಳಿಗೆ ಆಕೆ ಬಂದಿದ್ದಳು. ಕನ್ನಡಕ ಬಂದಿದೆ, ಕೂದಲು ನರೆತಿದೆ. ಮಗಳು ಡಿಗ್ರಿ ಓದುತ್ತಿದ್ದಾಳೆ, ಅವಳಿಗೂ ಹಾಸ್ಟೆಲ್ಲೇ. ಕೋಣೆಯೊಳಗೆ ಇಣುಕಿ, "ಅಣ್ಣಾರ, ಆ ಬಟ್ಟಿ ಇನ್ನಾ ಐತೇನ್ರಿ?" ಎಂದಳು. "ಐತಮ್ಮ" ಎಂದೆ. ಮುಂದೆ ಹೇಳಬೇಕೆಂದು ಬಾಯಿ ತೆರೆದವನು, ಈ ಸಲ ಕಡಲೆಕಾಯಿ ಬೆಳೆ ನಿಮ್ಮ ಕಡೆ ಹೇಗಿದೆ ಎಂದು ಕೇಳಿದೆ. ಗಾರ್ಮೆಂಟ್ಸಿನವಳಿಗೆ ಕಡಲೆಕಾಯಿಯ ವಿಚಾರ ಏನು ಗೊತ್ತು? ಆದರೂ ಆಕೆ, "ಚೊಲೋ ಐತಂತ್ರಿ" ಎಂದು ಮರ್ಯಾದೆಗೆ ಹೇಳಿ ಹೋದಳು. ಬಾಗಿಲು ಹಾಕಿಕೊಂಡು ಸರೋಜ ಅಂದಳು: "ಎರಡು ಊರಿಗೆ ಕೇಳೋಹಂಗ ಮಾತಾಡ್ತಿದ್ರಿ. ಆಕೀಗೆ ಒಂದು ಮಾತು ಹೇಳಾಕ ದನಿ ಬರವಲ್ದು."

ಎದುರು ನಿಂತು ಹೇಳಲು ಆಗದಿದ್ದರೆ ರೆಕಾರ್ಡು ಮಾಡಿ ಕಳಿಸೋಣ ಎಂದು ಅಂದಿನಿಂದ ದಿನಾ ಮಧ್ಯಾಹ್ನ ಕೌದಿಯೊಳಗೆ ಕೂರುತ್ತಿದ್ದೇನೆ. ಚೀಟಿ ಬರೆದುಕೊಂಡಿದ್ದೇನೆ, ಅದರಲ್ಲಿ ಎರಡೇ ಸಾಲು. ಆದರೆ ಪ್ರತಿ ಸಲವೂ ಮೊದಲನೆಯ ಮಾತಿಗೇ ಮೈಕು ಸಿಡಿಯುತ್ತದೆ. ಆಕೆಯ ಹೆಸರಿನಲ್ಲಿರುವುದು ಒಂದಲ್ಲ, ಎರಡು ಪಕಾರ. ಸಾಣಿಗೆಯ ಬಳೆಗೆ ಕಟ್ಟಿದ ಬಟ್ಟೆ ಹಳೆಯದಾಗಿ ನಡುವೆ ಹರಿದಿದೆ, ಅದನ್ನು ಹೊಲಿದುಕೊಡುವವರು ಮನೆಯಲ್ಲಿ ಇಲ್ಲ. ಹೇಗಿದ್ದರೂ ಈ ಕಾಗದದ ಮೇಲೆ ಗಾಳಿ ನುಗ್ಗುವುದಿಲ್ಲ, ಇಲ್ಲಿ ಹೇಳಬಹುದು. ತಪ್ಪು ನನ್ನದು, ಚೀಟಿಯದಲ್ಲ, ಪಂಪಕ್ಕ.