ಪ್ಲಾಸಿದೊ ನದಿ ದಾಟಿದ್ದು

ಪ್ಲಾಸಿದೊ ತೆಯೆಸ್ ದೇಶಭಕ್ತನಾಗಿದ್ದು ಒಂದು ಆಡಿನಿಂದ.

ಆಡು, ಊರೆಲ್ಲ ಗೌರವದಿಂದ ದೋನ್ಯಾ ಎನ್ನುತ್ತಿದ್ದ ಪಕ್ಕದ ಮನೆಯ ಬಸಿಲಿಸಾಳದು. ಆ ಬೆಳಗ್ಗೆ ಅದು ಮಣ್ಣಿನ ಗೋಡೆ ಹಾರಿ ಬಂದು, ಭಾನುವಾರದ ಪೂಜೆಗೆಂದು ಅವನು ಒರೆಸಿ ಬಿಸಿಲಿಗಿಟ್ಟಿದ್ದ ಹುಲ್ಲಿನ ಟೋಪಿಯನ್ನು ಅರ್ಧ ತಿಂದು ಮುಗಿಸಿತ್ತು. ಆಡಿನ ಹಿಂದೆಯೇ ಬಸಿಲಿಸಾಳೂ ಬಂದಳು. ಪ್ಲಾಸಿದೊನ ಮನೆಯ ಒಲೆಯ ಮೇಲಿನ ಕಾಳಿನ ಮಡಕೆಗೆ ಸೌಟು ಹಾಕಿ ರುಚಿ ನೋಡಿ, ಉಪ್ಪು ಸಾಲದೆಂದು ತೀರ್ಪು ಕೊಟ್ಟು ಹೋಗುವುದು ಆಕೆಯ ಹನ್ನೊಂದು ವರ್ಷದ ಅಭ್ಯಾಸ.

"ನನ್ನ ಟೋಪಿ, ದೋನ್ಯಾ! ಅರ್ಧ ಹೋಯ್ತಲ್ಲ!"

"ಹೋದ್ರೆ ಹೋಗ್ಲಿ ಬಿಡಪ್ಪ. ನಿನ್ನ ತಲೆಗೆ ಉಳಿದ ಅರ್ಧ ಸಾಕು."

ಪ್ಲಾಸಿದೊ ಸಾಧು ಮನುಷ್ಯ. ಸೊಳ್ಳೆ ಹೊಡೆಯುವ ಮೊದಲು ಅದರ ಕ್ಷಮೆ ಕೇಳುವವನು ಎಂದು ಹೆಂಡತಿ ನಿಕೊಲಾಸಾಳೇ ನಗುತ್ತಿದ್ದಳು. ಆದರೆ ಅಂದು ಅವನ ತಲೆ ಕಾದ ಹೆಂಚಾಯಿತು. ಅರ್ಧ ಟೋಪಿ ಹಿಡಿದು, ಪಟೇಲ ದೋನ್ ಕ್ರೆಸೆನ್ಸಿಯೊಗೆ ದೂರು ಕೊಡಲು ಚರ್ಚಿನ ಮುಂದಿನ ಚೌಕಕ್ಕೆ ಓಡಿದ.

ಅಲ್ಲಿ ಊರೇ ಸೇರಿತ್ತು. ಅಮೆರಿಕದ ಜೊತೆಗಿನ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಸೋತ ಮೆಕ್ಸಿಕೊ ಅರ್ಧ ದೇಶವನ್ನೇ ಕಳೆದುಕೊಂಡಿತ್ತು. ನದಿಯ ಈ ದಂಡೆ ಅಮೆರಿಕದ್ದು, ಆ ದಂಡೆ ಇನ್ನೂ ಮೆಕ್ಸಿಕೊದ್ದು. ಆಚೆ ದಂಡೆಯ ಮೆಸಿಯಾ ಎಂಬ ಹೊಸ ಊರಿಗೆ ಬರುವವರಿಗೆ ಮೆಕ್ಸಿಕೊ ಸರ್ಕಾರ ಜಮೀನು ಕೊಡುತ್ತದೆ ಎಂಬ ಕಾಗದವನ್ನು ಪಟೇಲರು ಆಗಷ್ಟೇ ಓದಿ ಮುಗಿಸಿದ್ದರು. ಯಾರು ಮೊದಲು ಬಾಯಿ ತೆರೆಯುತ್ತಾರೆಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಏನಯ್ಯಾ ಪ್ಲಾಸಿದೊ, ಮುಖ ಒಣಮೆಣಸಿನಕಾಯಿ ಆಗಿದೆ?" ಎಂದರು ಪಟೇಲರು.

ಪ್ಲಾಸಿದೊ ಬಾಯಿ ತೆರೆದ. ಆಗ ನೆನಪಾಯಿತು, ಬಸಿಲಿಸಾ ಪಟೇಲರ ಸ್ವಂತ ಅಕ್ಕ. ಹೆಸರೆತ್ತುವಂತಿಲ್ಲ. ಸಿಟ್ಟು ನುಂಗಿಕೊಳ್ಳುವಂತೆಯೂ ಇಲ್ಲ.

"ಇನ್ನು ನನ್ನ ಕೈಲಾಗಲ್ಲ ಪಟೇಲರೇ!" ಎಂದು ಕಿರುಚಿದ. "ಗೋಡೆ ಹಾರಿ ಬರ್ತಾರೆ, ನಮ್ಮದನ್ನೇ ತಿಂತಾರೆ, ಅರ್ಧ ನುಂಗಿದ ಮೇಲೆ ಉಳಿದರ್ಧ ನಿಮಗೆ ಸಾಕು ಅಂತ ನಮಗೇ ಬುದ್ಧಿ ಹೇಳ್ತಾರೆ! ಇಂಥೋರ ಜೊತೆ ಬದುಕೋದು ಹೇಗೆ?"

ಅಮೆರಿಕದವರ ವಿಷಯವನ್ನು ಇಷ್ಟು ಚೊಕ್ಕವಾಗಿ ಆವರೆಗೆ ಯಾರೂ ಹೇಳಿರಲಿಲ್ಲ. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಮುದುಕ ಸಿಪಾಯಿ ಎಪಿಫಾನಿಯೊ, ಉಳಿದ ಕೈಯಲ್ಲೇ ಅವನನ್ನು ಅಪ್ಪಿಕೊಂಡು ಗಳಗಳ ಅತ್ತ.

"ಟೋಪಿ ನೋಡ್ರೋ! ದೇಶ ಹೀಗಾಯ್ತು ಅಂತ ತೋರಿಸೋಕೆ ಅರ್ಧ ಹರಿದು ತಂದಿದಾನೆ!"

"ಅಯ್ಯೋ, ಅದಲ್ಲ... ಆಡು..."

"ನಾವೇನು ಆಡೋದು? ನೀನೇ ಆಡು! ಎದೆಯಲ್ಲಿರೋದನ್ನೆಲ್ಲ ಆಡಿಬಿಡು!"

"ಆ ದಂಡೆಗೆ ಯಾವಾಗ ಹೊರಡ್ತೀಯ?" ಎಂದು ಯಾರೋ ಕೂಗಿದರು. "ಇವತ್ತೇ!" ಎಂದು ಇನ್ಯಾರೋ ಅವನ ಪರವಾಗಿ ಉತ್ತರ ಕೊಟ್ಟರು.

ಮಧ್ಯಾಹ್ನದೊಳಗೆ ಅವನ ಮನೆ ಗಾಡಿಯ ಮೇಲಿತ್ತು. ಅಭಿಮಾನಿಗಳು ಬಾಗಿಲನ್ನೂ ಕಿತ್ತು ಹೇರಿದ್ದರು.

"ಒಂದು ಟೋಪಿಗೋಸ್ಕರ ಯಾರಾದ್ರೂ ಊರು ಬಿಡ್ತಾರೇನ್ರೀ?" ಎಂದು ನಿಕೊಲಾಸಾ ಹಣೆ ಚಚ್ಚಿಕೊಂಡಳು.

"ಊರು ಬಿಟ್ಟು ದೇಶಕ್ಕೆ ಹೋಗ್ತಿದೀವಿ ಕಣೇ," ಎಂದ ಪ್ಲಾಸಿದೊ. ಮಾತು ತನಗೇ ಹಿಡಿಸಿತು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, "ಅಲ್ಲಿ ಅವಳಿರಲ್ಲ," ಎಂದ.

ನಿಕೊಲಾಸಾ ತಾನೇ ಮೊದಲು ಗಾಡಿ ಹತ್ತಿದಳು.

ನಡುನೀರಿನಲ್ಲಿ ಗಾಡಿ ಹೂತುಹೋಯಿತು. ದಂಡೆಯಲ್ಲಿದ್ದ ಅರ್ಧ ಜನ ಎಡಕ್ಕೆ ಎಳಿ ಎಂದರು, ಅರ್ಧ ಜನ ಬಲಕ್ಕೆ ಎಂದರು. ಪ್ಲಾಸಿದೊ ಎರಡೂ ಗುಂಪಿಗೂ ಹೂಂಗುಟ್ಟಿ ತಲೆಕೆಳಗಾಗಿ ನೀರಿಗೆ ಬಿದ್ದ. ಎತ್ತುಗಳು ತಾವೇ ದಾರಿ ಹುಡುಕಿಕೊಂಡವು. ಹಾಸಿಗೆ ಮಾತ್ರ ಹಾಯಾಗಿ ತೇಲುತ್ತ ಟೆಕ್ಸಾಸ್ ಕಡೆಗೆ ಹೊರಟುಹೋಯಿತು.

ಆದರೇನು? ಆಚೆಯ ಮರಳಿನ ಮೇಲೆ ಒದ್ದೆ ಬೆಕ್ಕಿನಂತೆ ಮಲಗಿದಾಗ ಅವನಿಗೆ ಸ್ವರ್ಗ ಸಿಕ್ಕಿದಂತಾಯಿತು.

"ಕೇಳಿಸ್ತಿದೆಯೇನೇ?"

"ಏನೂ ಕೇಳಿಸ್ತಿಲ್ವಲ್ಲ?"

"ಅದೇ ಮತ್ತೆ!"

ಬಿಸಿಲು ಇಳಿಯುವ ಹೊತ್ತಿಗೆ ನದಿಯ ಕಡೆಯಿಂದ ಚಕ್ರಗಳ ಕಿರಗುಟ್ಟುವಿಕೆ ಕೇಳಿಸಿತು. ಒಂದಲ್ಲ, ಎರಡಲ್ಲ, ಅರವತ್ತು ಸಂಸಾರಗಳ ಗಾಡಿಗಳು. ಮೊದಲ ಗಾಡಿಯಲ್ಲಿ ಆಡಿನ ಸಮೇತ ಬಸಿಲಿಸಾ.

"ನಿನ್ನ ಮಾತು ಎದೆಗೆ ನಾಟಿತು ಕಣಪ್ಪ," ಎಂದು ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಗೋಡೆ ಹಾರಿ ಬಂದು ಕಂಡೋರದ್ದು ತಿನ್ನೋರ ಜೊತೆ ಮಾನವಂತರು ಇರೋಕಾಗತ್ತಾ? ಥೂ!"

ಜೊತೆಗೇ ಬಂದಿದ್ದ ಪಟೇಲರು ನಿವೇಶನಗಳಿಗೆ ಚೀಟಿ ಎತ್ತಿಸಿದರು. ಪ್ಲಾಸಿದೊನ ಪಕ್ಕದ್ದು ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ.

"ಇಷ್ಟು ದಿನದ ಬಳಕೆ, ನಡುವೆ ಗೋಡೆ ಯಾಕೆ ಬೇಕು?" ಎಂದಳು ಬಸಿಲಿಸಾ.

ಗೋಡೆ ಇಲ್ಲದೆಯೇ ನಾಲ್ಕು ವರ್ಷ ಕಳೆಯಿತು. ಒಂದು ದಿನ ಮೆಸಿಯಾದ ಚೌಕಕ್ಕೆ ನೀಲಿ ಅಂಗಿಯ ಸಿಪಾಯಿಗಳು ಬಂದರು. ಮೆಕ್ಸಿಕೊ ಸರ್ಕಾರ ಈ ದಂಡೆಯನ್ನೂ ಅಮೆರಿಕಕ್ಕೆ ಮಾರಿಬಿಟ್ಟಿತ್ತು! ಒಂದು ಬಾವುಟ ಇಳಿಯಿತು, ಇನ್ನೊಂದು ಏರಿತು. ಇಷ್ಟವಿಲ್ಲದವರು ದಕ್ಷಿಣಕ್ಕೆ ಹೋಗಬಹುದೆಂದು ಅಧಿಕಾರಿ ಓದಿ ಹೇಳಿದ.

ಊರಿಗೆ ಊರೇ ಪ್ಲಾಸಿದೊನ ಕಡೆ ತಿರುಗಿತು. ಅವನು ಹಲ್ಲು ಕಚ್ಚಿ ನಿಂತ. ಈ ಸಲ ತುಟಿ ಬಿಚ್ಚಬಾರದು. ಉಳಿದವರೆಲ್ಲ ಹೊರಟುಹೋದರೆ ಇಲ್ಲಿ ತಾನು, ನಿಕೊಲಾಸಾ ಇಬ್ಬರೇ.

ಬಸಿಲಿಸಾ ಬಂದು ಅವನ ಭುಜ ತಟ್ಟಿದಳು.

"ಪಾಪ, ಸಂಕಟಕ್ಕೆ ಮಾತೇ ಹೊರಡ್ತಿಲ್ಲ. ನೀನೇನೂ ಯೋಚನೆ ಮಾಡಬೇಡಪ್ಪ. ನೀನಿದ್ರೆ ಇರೋಣ, ನೀನು ಹೊರಟ್ರೆ ಹೊರಡೋಣ. ಎತ್ತು ಕಟ್ಲಾ, ಬಿಚ್ಲಾ?"