ಗಡಿಗೆ ಹೊರಟ ಜೀಪು, ಅಮಾವಾಸ್ಯೆಯ ನಿಂಬೆಹಣ್ಣು

ಅಕ್ಷರ ಕಂಡರೆ ಓದದೆ ಬಿಡಲಾರದ ಜಾಡ್ಯವೊಂದು ನನಗಿದೆ. ಇದನ್ನು ವಿದ್ಯಾಭಿಮಾನ ಎಂದು ತಿಳಿಯಬೇಡಿ. ನಾನು ಓದುವುದು ಪುಸ್ತಕಗಳನ್ನಲ್ಲ. ಬಸ್ ಟಿಕೆಟ್ಟಿನ ಹಿಂಬದಿ, ಔಷಧದ ಡಬ್ಬಿಯಲ್ಲಿ ಮಡಿಚಿಟ್ಟ ಚೀಟಿ, ವಿಮೆಯ ಕಾಗದದಲ್ಲಿ ಇರುವೆ ಸಾಲಿನಂತೆ ಹರಿದಿರುವ ಷರತ್ತುಗಳು, ಇಂಥವು. ಮಿಕ್ಸರಿನ ಗ್ಯಾರಂಟಿ ಕಾರ್ಡನ್ನು ನಾನು ಓದಿ ಮುಗಿಸುವಷ್ಟರಲ್ಲಿ ಗ್ಯಾರಂಟಿಯೇ ಮುಗಿದಿತ್ತೆಂದು ನನ್ನ ಹೆಂಡತಿ ನಾಗರತ್ನ ನೆಂಟರೆದುರು ಹೇಳುತ್ತಾಳೆ. ಅದು ಸ್ವಲ್ಪ ಉತ್ಪ್ರೇಕ್ಷೆ. ಹೀಗಿರುವ ನನಗೆ, ಸ್ವಂತ ಗಾಡಿಯನ್ನು ಪರದೇಶಕ್ಕೆ ಒಯ್ದು ವಾಪಸ್ ತರಲು ಬೇರೆಯೇ ಕಾಗದವಿದೆ ಎಂದು ಗೊತ್ತಾದಾಗ ಹೇಗಾಗಿರಬೇಡ! ಹಸಿದವನಿಗೆ ಹೋಳಿಗೆ ಬಡಿಸಿದಂತಾಯಿತು.

ಗಡಿ ಎನ್ನುವುದು ನಮಗೆ ಹೊಸದೇನಲ್ಲ. ಆದೋನಿಯಲ್ಲಿ ನನ್ನದು ಹತ್ತಿಯ ಅಡತಿ ಅಂಗಡಿ, ಎಂದರೆ ದಲ್ಲಾಳಿ ವ್ಯಾಪಾರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳಕ್ಕೆ ಯಾವುದು ಮೊದಲು ನಾಲಿಗೆಗೆ ಬರುತ್ತದೋ ಅದು. ಹಾಲಹರವಿ ದಾಟಿದರೆ ಬಳ್ಳಾರಿ ಸೀಮೆ, ಅರ್ಧ ನೆಂಟರು ಅಲ್ಲೇ. ಎಲ್ಲಿ ಆಂಧ್ರ ಮುಗಿದು ಎಲ್ಲಿ ಕರ್ನಾಟಕ ಶುರುವಾಯಿತು ಎಂಬುದು ನಮಗೆ ತಿಳಿಯುವುದು ರಸ್ತೆಯ ಗುಂಡಿಗಳು ಬದಲಾದಾಗ. ಹಾಗಾಗಿ ದೇಶದ ಗಡಿಯೂ ಹೀಗೇ ಇದ್ದೀತು, ಗೇಟು ಮಾತ್ರ ಸ್ವಲ್ಪ ದೊಡ್ಡದಿರಬಹುದು ಎಂದುಕೊಂಡಿದ್ದೆ.

ದೇಶದ ಗಡಿಯ ಮಾತು ಎತ್ತಿದವಳು ನಮ್ಮ ಪಾರ್ವತತ್ತೆ, ಅಪ್ಪನ ತಂಗಿ. ಪೆದ್ದಹರಿವಾಣದಲ್ಲಿ ಮಗನ ಸಂಸಾರ, ಹೊಲ, ಎಮ್ಮೆಗಳ ನಡುವೆ ಗಟ್ಟಿಯಾಗಿ ಆಳಿಕೊಂಡಿರುವ ಹೆಂಗಸು. ನಮ್ಮಪ್ಪನ ಹತ್ತಿರ ಒಂದು ಜೀಪಿತ್ತು. ಹೊಲಹೊಲಕ್ಕೆ ಹತ್ತಿಯ ಬೆಳೆ ನೋಡಲು ಹೋಗುತ್ತಿದ್ದುದು ಅದರಲ್ಲೇ. ತಂಗಿಯನ್ನು ಕೂರಿಸಿಕೊಂಡಾಗಲೆಲ್ಲ "ಪಾರೂ, ಇದರಾಗ ನಿನ್ನ ನೇಪಾಳದ ಪಶುಪತಿನಾಥಗ ಕರಕೊಂಡು ಹೋಗ್ತೀನಿ ನೋಡು" ಎನ್ನುತ್ತಿದ್ದನಂತೆ. ಅಪ್ಪ ಹೋದ. ಜೀಪು ಉಳಿಯಿತು, ಮಾತೂ ಉಳಿಯಿತು. ರೈಲಿನಲ್ಲಿ ಕಳಿಸುತ್ತೇನೆ ಎಂದೆ, ವಿಮಾನ ಎಂದೆ. ಅತ್ತೆ ಕೈ ಅಡ್ಡ ಆಡಿಸಿದಳು. "ನಮ್ಮಣ್ಣ ರೈಲಿನ ಮಾತು ಹೇಳಿದ್ದಿಲ್ಲ. ಜೀಪಿನಾಗ ಆದ್ರ ಬರ್ತೀನಿ. ಇಲ್ಲಾಂದ್ರ ಇಲ್ಲೇ ಎಮ್ಮಿ ಕಾಯ್ಕಂತ ಕುಂದರ್ತೀನಿ, ನನಗೇನು?" ಆ 'ನನಗೇನು' ಎಂಬುದರಲ್ಲಿ ಎಷ್ಟು ಆಸೆ ಇತ್ತೆಂದರೆ ನನಗೆ ಆ ದಿನ ಊಟ ರುಚಿಸಲಿಲ್ಲ. ಈ ವಯಸ್ಸಿನಲ್ಲಿ ಆಕೆ ಕೇಳಿದ್ದು ಅದೊಂದೇ.

ಸರಿ, ಓದಲು ಕುಳಿತೆ. ಕೆಲವು ದೇಶಗಳಿಗೆ ಗಾಡಿ ಒಯ್ಯಬೇಕಾದರೆ ಒಂದು ಪುಸ್ತಿಕೆಯನ್ನೇ ಮಾಡಿಸಬೇಕಂತೆ. ಅದರ ಹಾಳೆಗೆ ಮೂರು ತುಂಡು. ಒಳಗೆ ಹೋಗುವಾಗ ಸುಂಕದವರು ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು; ಮೂರನೆಯದು ಎರಡೂ ಮೊಹರು ಹೊತ್ತು ನಮ್ಮ ಬಳಿ ಉಳಿಯಬೇಕು. ಹೊರಬಂದ ಮೊಹರು ಬೀಳಲಿಲ್ಲವೋ, ಗಾಡಿಯನ್ನು ಅಲ್ಲಿ ಮಾರಿಬಂದೆ ಎಂದೇ ಲೆಕ್ಕ, ಸುಂಕ ಕಟ್ಟು. ನಮ್ಮ ಗಾಡಿಗಳು ನೇಪಾಳಕ್ಕೆ ಹೋಗಲು ಇಷ್ಟೆಲ್ಲ ಬೇಕಿಲ್ಲ. ಗಡಿಯಲ್ಲೇ ಭನ್ಸಾರ್ ಎಂಬ ಸುಂಕದ ಕಚೇರಿಯಲ್ಲಿ ಇಷ್ಟು ದಿನಕ್ಕೆ ಎಂದು ಚೀಟಿ ಬರೆಸಿಕೊಂಡರೆ ಮುಗಿಯಿತು. ನಿಜ ಹೇಳಬೇಕೆಂದರೆ, ಪುಸ್ತಿಕೆ ಬೇಡ ಎಂದು ತಿಳಿದಾಗ ನನಗೆ ನಿರಾಸೆಯೇ ಆಯಿತು. ಆದರೂ ತಿರುಳು ಒಂದೇ: ಈ ಗಾಡಿ ನಿಮ್ಮಲ್ಲಿ ಇರಲು ಬಂದದ್ದಲ್ಲ, ನೆಂಟಸ್ತನಕ್ಕೆ ಬಂದದ್ದು, ಹೋದದ್ದೇ ತಿರುಗಿ ಬರಬೇಕು. ನಮ್ಮಲ್ಲಿ ಮದುವೆಮನೆಗೆ ಹಂಡೆ ಕೊಪ್ಪರಿಗೆ ಎರವಲು ಕೊಡುವಾಗ ಅಂಚಿನಲ್ಲಿ ಮನೆತನದ ಹೆಸರು ಕೊರೆಸಿರುತ್ತೇವಲ್ಲ, ಗಾಡಿಗೆ ಆ ಹೆಸರೆಂದರೆ ಇಂಜಿನ್ನಿನ ನಂಬರು, ಚಾಸಿಯ ನಂಬರು.

ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಆಕೆ ಅವರೆಕಾಯಿ ಸುಲಿಯುತ್ತ ಕೇಳಿದಳು. ಕೊನೆಗೆ, "ಗಾಡಿ ವಾಪಸ್ ಬರ್ತೈತೇನಂತ ಬರಸಿಕೊಂತಾರ. ಮುದುಕಿ ವಾಪಸ್ ಬರ್ತಾಳೇನಂತ ಯಾರೂ ಕೇಳಂಗಿಲ್ಲೇನಪ?" ಎಂದಳು.

"ಅದಕ್ಕೇನೂ ಕಾಗದ ಇಲ್ಲ, ಅತ್ತಿ."

"ಹಂಗಾದ್ರ ಚಲೋ ಆತು. ಮನಸ್ಸಾದ್ರ ಅಲ್ಲೇ ಉಳೀತೀನಿ. ನೀ ಗಾಡಿ ಹೊಡಕೊಂಡು ಬಾ."

ಗಡಿಗೆ ಹೋಗುವ ಮೊದಲು ಜೀಪಿನ ನೋಂದಣಿಯನ್ನು ಹೊಸದು ಮಾಡಿಸಬೇಕಿತ್ತು. ಅವಧಿ ತೀರಿದ ನೋಂದಣಿ ಪುಸ್ತಕ ಹಿಡಿದು ಹೋದರೆ ಯಾವ ದೇಶದವರು ಬಿಡುತ್ತಾರೆ? ಇಂಥ ಕೆಲಸಗಳಿಗೆ ನಮ್ಮಲ್ಲಿ ಏಜೆಂಟ್ ನರಸಿಂಹುಲು ಇದ್ದಾನೆ. ಚಾಸಿಯ ಮೇಲೆ ಕೊರೆದಿರುವ ನಂಬರಿಗೆ ತೆಳುವಾದ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಂಬರು ಕಾಗದದ ಮೇಲೆ ಮೂಡುತ್ತದೆ, ಅದನ್ನು ಅರ್ಜಿಗೆ ಅಂಟಿಸುವುದು. ನರಸಿಂಹುಲು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ಬಾನೆಟ್ ಎತ್ತಿದ. ಎತ್ತಿದವನು ಹಾಗೇ ನಿಂತ.

"ಇದೇಂದಿ ಸಾವ್ಕಾರ್ರೇ! ಇಂಜನ್ನೋ ಗರ್ಭಗುಡಿಯೋ?"

ಅವನದು ತಪ್ಪಿಲ್ಲ. ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ತಕ್ಕಡಿಯಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಪೂಜೆ. ಅಪ್ಪ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವನಲ್ಲ. ಹೊರಗೆ ಹಚ್ಚಿದರೆ ಮಳೆಗೆ ತೊಳೆದುಹೋಗುತ್ತದೆಂದು ಬಾನೆಟ್ಟಿನ ಒಳಗೆ, ನಂಬರು ಕೊರೆದ ಜಾಗ ನೋಡಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದ. ಗಾಡಿಯ ಹೆಸರಿರುವುದೇ ಅಲ್ಲಿ, ಆದ್ದರಿಂದ ಪೂಜೆಯೂ ಅಲ್ಲಿಗೇ ಸಲ್ಲಬೇಕು ಎಂಬುದು ಅವನ ವಾದ. ಅಪ್ಪನ ನಂತರ ನಾನು ಮುಂದುವರಿಸಿದೆ. ವಿಭೂತಿ, ಕುಂಕುಮ, ಇಂಜಿನ್ನಿನ ಎಣ್ಣೆ ಮೂರೂ ಬೆರೆತು ಅಲ್ಲಿ ಗೋಡೆಯಂಥ ಗಾರೆ ಕೂತಿತ್ತು. ನರಸಿಂಹುಲು ಸ್ಕ್ರೂಡ್ರೈವರ್ ತೆಗೆದ. ಅಷ್ಟರಲ್ಲಿ ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಿದ್ದ ಅತ್ತೆ ಪಡಸಾಲೆಯಿಂದಲೇ ಕೂಗಿದಳು: "ಏಯ್, ಕೈ ತೆಗಿ! ನಮ್ಮಣ್ಣ ಹಚ್ಚಿದ ಈಬತ್ತಿ ಅದು."

ಒಳ್ಳೆಯ ಪೇಚಿಗೆ ಸಿಕ್ಕಿಕೊಂಡೆ. ಕೆರೆಯದಿದ್ದರೆ ನಂಬರಿಲ್ಲ, ನಂಬರಿಲ್ಲದಿದ್ದರೆ ಕಾಗದವಿಲ್ಲ, ಕಾಗದವಿಲ್ಲದೆ ಪಶುಪತಿನಾಥನಿಲ್ಲ. ಇದನ್ನು ನಾನು ಅಳುಕುತ್ತ ಹೇಳಿದೆ. ಅತ್ತೆ ಎದ್ದು ಬಂದು, ನರಸಿಂಹುಲುವನ್ನು ಪಕ್ಕಕ್ಕೆ ಸರಿಸಿ, ತೆಂಗಿನ ನಾರಿನಿಂದ ತಾನೇ ಮೆಲ್ಲಗೆ ಉಜ್ಜತೊಡಗಿದಳು. ಉದುರಿದ ಪುಡಿಯನ್ನು ಸೆರಗಿನಲ್ಲಿ ಹಿಡಿದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. "ಇದನ್ನೂ ಒಯ್ಯೋಣು. ಅಣ್ಣಾನೂ ಬಂದಂಗಾಗ್ತೈತಿ" ಎಂದಳು. ನನ್ನ ಕಣ್ಣು ತುಂಬಿತು. ನಾಗರತ್ನ ಇದ್ದಕ್ಕಿದ್ದಂತೆ ಒಲೆಯ ಮೇಲೆ ಹಾಲಿಟ್ಟ ನೆನಪಾಗಿ ಒಳಗೆ ಹೋದಳು; ಒಲೆಯ ಮೇಲೆ ಹಾಲಿರಲಿಲ್ಲ.

ಗಾರೆ ಹೋಯಿತು, ಕಬ್ಬಿಣ ಕಂಡಿತು. ನರಸಿಂಹುಲು ಕಾಗದ ಇಟ್ಟು ಉಜ್ಜಿದ. ಮೊದಲ ಎರಡು ಅಕ್ಷರ ಮೂಡಿದವು. ಆಮೇಲೆ ಸಿಡುಬಿನ ಕಲೆಯಂಥ ಗುಳಿಗಳು, ಅಷ್ಟೇ. ಮತ್ತೆ ಉಜ್ಜಿದ, ಟಾರ್ಚ್ ಬಿಟ್ಟು ನೋಡಿದ, ಮೂಗು ಹತ್ತಿರ ತಂದು ಮೂಸಿದ. "ಸಾವ್ಕಾರ್ರೇ, ನಿಂಬೆರಸ ಹಾಕಿ ಹಾಕಿ ನಂಬರ್ ತಿನೇಸಿಂದಿ. ಕಬ್ಬಿಣ ಕರಗೈತಿ!" ಕೆಟ್ಟ ಕಣ್ಣು ಬೀಳದಿರಲೆಂದು ಅಪ್ಪ, ಮಗ ಸೇರಿ ಹಿಂಡಿದ ಹುಳಿ, ಗಾಡಿಯ ಗುರುತನ್ನೇ ತಿಂದು ತೇಗಿತ್ತು. ಕಳ್ಳರು ಕದ್ದ ಗಾಡಿಗಳ ನಂಬರನ್ನು ಹೀಗೇ ಆಸಿಡ್ ಹಾಕಿ ಅಳಿಸುತ್ತಾರೆಂದು ನರಸಿಂಹುಲು ಸಮಾಧಾನದ ಧಾಟಿಯಲ್ಲಿ ತಿಳಿಸಿದ. ಅವರಿಗೆ ಒಂದು ಗಳಿಗೆಯ ಕೆಲಸ. ನಾವು ಭಕ್ತಿಯಿಂದ, ನಿಧಾನವಾಗಿ ಮಾಡಿದ್ದೆವು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಸವೆದ ನಂಬರನ್ನು ಅಪ್ಪಣೆ ಪಡೆದು ಮತ್ತೆ ಕೊರೆಸಲು ಅವಕಾಶವಿದೆ. ಅರ್ಜಿ, ತಪಾಸಣೆ, ಪ್ರಮಾಣಪತ್ರ ಎಂದು ಕಚೇರಿ ತನ್ನ ನಡಿಗೆಯಲ್ಲಿ ನಡೆಯಿತು. ನಾನು ಪ್ರತಿ ಕಾಗದವನ್ನೂ ಹಿಂದೆ ಮುಂದೆ ಓದಿದ್ದರಿಂದ ಇನ್ನಷ್ಟು ತಡವಾಯಿತೆಂದು ನಾಗರತ್ನಳ ಅಭಿಪ್ರಾಯ. ಕೊನೆಗೂ ಹಳೆಯ ನಂಬರೇ ಹೊಸದಾಗಿ ಮಿಂಚುತ್ತ ಕೂತಿತು. ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಎಲ್ಲಾ ಸರಿ. ಆದ್ರ ಇದು ನಮ್ಮಣ್ಣನ ಜೀಪ ಅನ್ಸವಲ್ದು ನೋಡು. ಅವನ ಕೈ ಗುರ್ತೇ ಹೋತು" ಎಂದಳು. ನಾನು ಮನೆಗೆಲ್ಲ ಒಂದು ಕಟ್ಟಪ್ಪಣೆ ಹೊರಡಿಸಿದೆ: ಇನ್ನು ಮುಂದೆ ಬಾನೆಟ್ಟಿನ ಹತ್ತಿರ ನಿಂಬೆಹಣ್ಣು ಸುಳಿಯಕೂಡದು, ಬೇಕಾದರೆ ಚಕ್ರದ ಕೆಳಗೆ ಇಟ್ಟುಕೊಳ್ಳಲಿ. ಆಮ್ಲ, ಕಬ್ಬಿಣ, ತುಕ್ಕು ಎಂದು ಭಾಷಣವನ್ನೂ ಮಾಡಿದೆ. ಹೊರಡುವ ದಿನ ನಾಗರತ್ನ ನಿಂಬೆ ಉಪ್ಪಿನಕಾಯಿಯ ಭರಣಿಯನ್ನು ಕೂಡ ಹಿಂದಿನ ಸೀಟಿನಲ್ಲೇ ಇಟ್ಟಳು.

ಹೀಗೆ ಹೊರಟೆವು. ಉರುಕುಂದದ ಈರಣ್ಣ ದೇವರಿಗೆ ಕೈಮುಗಿದು, ಜೀಪು ಬಿಸಿಯಾದಲ್ಲೆಲ್ಲ ನಿಂತು, ಅದು ತಣ್ಣಗಾಗುವವರೆಗೆ ನಾವು ಬಿಸಿಯಾಗಿ, ಅಂತೂ ನೇಪಾಳದ ಗಡಿ ಮುಟ್ಟಿದೆವು. ಗೇಟು ನಾನೆಣಿಸಿದಷ್ಟು ದೊಡ್ಡದೇನೂ ಇರಲಿಲ್ಲ. ಭನ್ಸಾರ್ ಕಚೇರಿಯ ಮುಂದೆ ಗಾಡಿಗಳ ಸಾಲು. ಅತ್ತೆಯೂ ನಾಗರತ್ನಳೂ ಚಹಾ ಕುಡಿಯಲು ಇಳಿದರು. ಆಗ ಪಕ್ಕದ ಲಾರಿಯ ಚಾಲಕನೊಬ್ಬ ಜೀಪಿನ ಸುತ್ತ ಒಂದು ಸುತ್ತು ಬಂದ. "ಆಹಾ, ಎಂಥ ಗಾಡಿ! ಇಷ್ಟು ಹಳೆಯದು ಇಷ್ಟು ದೂರ ಬಂದಿದೆ! ಇನ್ನೂ ಮದುಮಗನ ಹಾಗಿದೆ!" ಎಂದು ಹಿಂದಿಯಲ್ಲಿ ಬಾಯ್ತುಂಬ ಹೊಗಳಿ ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿಯೂ ಹೋದ. ಗೇಟು ಕಣ್ಣೆದುರಿಗಿದೆ, ಅತ್ತೆಯ ಆಸೆ ಅದರಾಚೆಗಿದೆ, ಇಂಥ ಹೊತ್ತಿನಲ್ಲಿ ಇಂಥ ಕಣ್ಣು! ಆಮೇಲೆ ಏನಾಯಿತೆಂದು ನನಗೇ ಸರಿಯಾಗಿ ಗೊತ್ತಿಲ್ಲ. ಎದುರಿನ ಕಬ್ಬಿನಹಾಲಿನ ಗಾಡಿಗೆ ಓಡಿದ್ದೆ, ಒಂದು ನಿಂಬೆಹಣ್ಣು ಕೊಯ್ಯಿಸಿಕೊಂಡಿದ್ದೆ, ಬಾನೆಟ್ ಎತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ, "ಹಾಂ, ಹಾಗೇ ತೆರೆದಿರಲಿ, ನಂಬರ್ ನೋಡಬೇಕು" ಎಂಬ ದನಿ. ಸುಂಕದ ಅಧಿಕಾರಿ. ಹಳೆಯ ಗಾಡಿಯೆಂದು ತಾನೇ ಎದ್ದು ಬಂದಿದ್ದ. ನಂಬರಿನ ಮೇಲೆ ಬೆರಳಾಡಿಸಿದ, ಬೆರಳು ಒದ್ದೆಯಾಯಿತು. ಮೂಸಿದ. ನನ್ನ ಮುಖ ನೋಡಿದ. "ಇದೇನು?" ಎಂದ. "ನಿಂಬೂ," ಎಂದೆ ನಮ್ಮ ಆದೋನಿಯ ಹಿಂದಿಯಲ್ಲಿ. ಅವನು ಕರವಸ್ತ್ರ ತೆಗೆದು ನಂಬರನ್ನು ಚೊಕ್ಕಟವಾಗಿ ಒರೆಸಿ, ಪುಸ್ತಕದೊಂದಿಗೆ ತಾಳೆ ನೋಡಿ, ನಗುವನ್ನು ಮೀಸೆಯಲ್ಲೇ ಅಡಗಿಸಿಕೊಂಡು ಚೀಟಿ ಬರೆಯಲು ಒಳಗೆ ಹೋದ.

ತಿರುಗಿ ನೋಡಿದರೆ ಚಹಾದ ಲೋಟ ಹಿಡಿದ ಅತ್ತೆ. ನನ್ನ ಕೈಯಲ್ಲಿ ಇನ್ನೂ ಅರ್ಧ ಹೋಳು ಉಳಿದಿತ್ತು. ಬಚ್ಚಿಡಲು ಹೋದೆ, ರಸ ಅಂಗಿಯ ತೋಳಿಗಿಳಿಯಿತು. ಮಡಿಲಲ್ಲಿದ್ದ ವಿಭೂತಿಯ ಬಿಳಿ ಗಂಟನ್ನು ಮುಟ್ಟಿಕೊಂಡು ಅತ್ತೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಜೀಪ ಯಾರದರ ಇರ್ಲಿ, ನಡಿ," ಎಂದಳು. "ನೀ ಮಾತ್ರ ನಮ್ಮಣ್ಣನ ಮಗನ ಹೌದು ಬಿಡು."